ಶಿವಲಿಂಗಂ ಅವರು ಹುಡುಕಿಕೊಟ್ಟ ಪುಸ್ತಕ

ಪುಸ್ತಕ ಇದ್ದಷ್ಟು ನಾಲಿಗೆ ಚಾಚು ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಹೇಳಿದ್ದು ಹಾಸಿಗೆಯ ಮಾತು, ಕಾಲಿನ ಮಾತು ಎಂದು ಆಕ್ಷೇಪಿಸುವವರು ಸಿರುಮುಗೈ ಶಾಖಾ ಗ್ರಂಥಾಲಯದ ಅಮಾವಾಸ್ಯೆ ಕೂಟಕ್ಕೆ ಒಮ್ಮೆ ಬಂದು ನೋಡಬೇಕು. ಅಲ್ಲಿ ಹಾಸಿಗೆಯೂ ಇಲ್ಲ, ಕಾಲು ಚಾಚಲು ಜಾಗವೂ ಇಲ್ಲ. ನಾಲಿಗೆಗೆ ಮಾತ್ರ ಬರವಿಲ್ಲ. ಪುಸ್ತಕವೇ ಇಲ್ಲದೆ ನಾಲಿಗೆ ಚಾಚಿದವನೊಬ್ಬನ ನಿಜಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಅಭಿನಂದನ ಗ್ರಂಥದಲ್ಲಿ ನಿಜ ಬರೆಯುವ ವಾಡಿಕೆ ಕಡಿಮೆ. ಆದರೆ ಶ್ರೀ ಶಿವಲಿಂಗಂ ಅವರನ್ನು ಅಭಿನಂದಿಸಲು ನಿಜಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಕೊಯಮತ್ತೂರು ಸೀಮೆಯ ಓದುಗರ ನಡುವೆ ಶಿವಲಿಂಗಂ ಅವರ ಸ್ಥಾನ ವಿಶಿಷ್ಟವಾದದ್ದು. ಗ್ರಂಥಪಾಲಕರು ಸಾಮಾನ್ಯವಾಗಿ ಪುಸ್ತಕ ಕಾಯುತ್ತಾರೆ. ಇವರು ಓದುಗರನ್ನು ಕಾದರು. ಅದರಲ್ಲೂ ಮಾಯಾಲೋಕದ ಕಥೆ, ವಿಜ್ಞಾನದ ಕಲ್ಪನೆಯ ಕಥೆ ಎಂದರೆ ಮಕ್ಕಳ ಕಪಾಟಿಗೆ ತಳ್ಳಿ ಕೈತೊಳೆದುಕೊಳ್ಳುವ ಕಾಲದಲ್ಲಿ, ದುಡಿದು ದಣಿದ ದೊಡ್ಡವರಿಗೇ ಅವು ಹೆಚ್ಚು ಬೇಕು ಎಂದು ನಂಬಿ ಮೂವತ್ತಾರು ವರ್ಷ ಆ ನಂಬಿಕೆಯನ್ನು ಸೇವೆಯಾಗಿ ನಡೆಸಿದವರು ಅವರು. ಯಾವ ಪುಸ್ತಕ ಬೇಕೆಂದು ಅವರು ಯಾರನ್ನೂ ಕೇಳಿದವರಲ್ಲ. ಕೆಲಸ ಎಷ್ಟು ಹೊತ್ತಿಗೆ ಬಿಡುತ್ತದೆ, ಮನೆಗೆ ನಡೆಯುವಾಗ ಏನು ನೆನಪಾಗುತ್ತದೆ ಎಂದು ಕೇಳುವರು. ಉತ್ತರ ಕೇಳಿಸಿಕೊಂಡು ಒಮ್ಮೆ ಗಂಟಲು ಸರಿಪಡಿಸಿಕೊಂಡು ಕಪಾಟಿನ ಕಡೆ ಹೋಗುವರು.

ಮೊದಲ ನೇಮಕ ಕೊಯಮತ್ತೂರಿನ ಉಕ್ಕಡದ ಮೀನುಪೇಟೆಯ ಬಳಿ. ಸಗಟು ಮೀನು ವ್ಯಾಪಾರ ಮುಗಿಸಿ ಪತ್ರಿಕೆ ತಿರುವಲು ಬರುವವರನ್ನು ಕಂಡು ಉಳಿದ ಓದುಗರು ಮೂಗು ಮುಚ್ಚಿಕೊಂಡರೆ, ಶಿವಲಿಂಗಂ ಅವರು ಆ ಬುಟ್ಟಿಗಳ ಪಕ್ಕದಲ್ಲೇ ಕುಳಿತು ಕಡಲಡಿಯ ನಗರವೊಂದರ ಕಥೆ ಶುರುಮಾಡಿ, ನಗರದ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಎದ್ದು ಹೋಗುತ್ತಿದ್ದರು. ಬಾಗಿಲ ಹಿಂದೆ ಏನಿತ್ತೆಂದು ತಿಳಿಯಲು ಮಾರನೆಯ ದಿನ ಮೂವರು ಸದಸ್ಯರಾದರು. ಮುಂದೆ ಕಾಂಗೇಯಂನಲ್ಲಿ ಎಣ್ಣೆ ಗಿರಣಿಯ ಕೆಲಸಗಾರರಿಗೂ ಇದೇ ಮದ್ದು. ಕೊನೆಗೆ ಸ್ವಂತ ಊರಾದ ಸಿರುಮುಗೈಗೆ ವರ್ಗವಾಗಿ ಬಂದಾಗ ಆ ಅರೆಗಥೆಯ ಪದ್ಧತಿಗೆ ಒಂದು ಕೂಟವೇ ಹುಟ್ಟಿತು. ತಮಿಳುನಾಡಿನಲ್ಲಿದ್ದರೂ ಕನ್ನಡ ಮನೆಮಾತಿನವರಾದ ಇಲ್ಲಿನ ನೇಕಾರರು ಅಮಾವಾಸ್ಯೆಯಂದು ಮಗ್ಗಕ್ಕೆ ಕೈಹಚ್ಚುವುದಿಲ್ಲ. ಆದ್ದರಿಂದ ಕೂಟವೂ ಅಮಾವಾಸ್ಯೆಯ ಮಧ್ಯಾಹ್ನವೇ. ಕಟ್ಟಳೆ ಒಂದೇ: ಪುಸ್ತಕ ಶಿಫಾರಸು ಮಾಡುವವರು ಕಥೆಯನ್ನು ಸರಿಯಾಗಿ ಅರ್ಧ ಹೇಳಿ ನಿಲ್ಲಿಸಬೇಕು. ಮುಂದಿನದು ಬೇಕಾದವರು ಓದಿಕೊಳ್ಳಬೇಕು. ಮುಕ್ತಾಯವನ್ನು ಕೇಳುವಂತಿಲ್ಲ, ಹೇಳುವಂತಿಲ್ಲ.

ಈ ಕಟ್ಟಳೆಗೆ ವಿನಾಯಿತಿ ಒಬ್ಬರಿಗೆ, ರಾಮಾಯಿ ಅಜ್ಜಿಗೆ. ಎಪ್ಪತ್ತು ದಾಟಿದ, ಯಾವ ಲಿಪಿಯನ್ನೂ ಕಲಿಯದ ನೇಕಾರ್ತಿ. ಕೂಟದಲ್ಲಿ ಕೇಳಿದ ಅರ್ಧದ ಉಳಿದರ್ಧವನ್ನು ಶಿವಲಿಂಗಂ ಅವರು ದಿನಕ್ಕೆ ಹತ್ತು ಪುಟದಂತೆ ಅವರ ಮನೆಗೇ ಹೋಗಿ ಓದುವರು. ಪುಸ್ತಕ ತಮಿಳಿನದಿರಲಿ ಇಂಗ್ಲಿಷಿನದಿರಲಿ, ಕಣ್ಣು ಆ ಭಾಷೆಯಲ್ಲಿ ಓಡುವುದು, ಬಾಯಲ್ಲಿ ಮನೆಮಾತಿನ ಕನ್ನಡ ಬರುವುದು. ಅಜ್ಜಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೇಳುವರು. ಕಥೆ ಬಿಗಿಯಾದಾಗ ರಾಟೆ ನಿಲ್ಲುವುದು.

ಇಂಥ ಉಪಕಾರಗಳನ್ನು ಬರೆಯಹೊರಟರೆ ಸಂಪಾದಕರು ಇನ್ನೊಂದು ಸಂಪುಟ ತರಬೇಕಾದೀತು. ಇಂದು ಮೇಟ್ಟುಪಾಳಯದ ಪ್ರಯೋಗಾಲಯವೊಂದರಲ್ಲಿ ರಕ್ತಪರೀಕ್ಷೆ ಮಾಡುವ ಸರಣ್ಯಾ, ಪ್ಲಸ್ ಟೂನಲ್ಲಿ ಗಣಿತ ಹೋಯಿತೆಂದು ಮೂರು ತಿಂಗಳು ಮನೆಯ ಹೊಸ್ತಿಲು ದಾಟದಿದ್ದಾಗ, ಪ್ರತಿ ಬಾರಿಯೂ ನೌಕೆಯನ್ನು ತಪ್ಪು ಗ್ರಹದಲ್ಲಿಳಿಸುವ ಹುಡುಗಿಯ ಕಥೆಯ ಅರ್ಧವನ್ನು ಶಿವಲಿಂಗಂ ಅವರು ಅವಳ ತಾಯಿಗೆ ಹೇಳಿ ಕಳುಹಿಸಿದರು. ಉಳಿದರ್ಧಕ್ಕೆ ಹುಡುಗಿ ತಾನೇ ಬಂದಳು. ಅನ್ನೂರಿನ ಕೃಷಿಕರ ಮನೆಯ ಭೂಪತಿ ಓದು ಮುಗಿಸಿ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ, ಆರು ಜನರ ಕೋಣೆಯಲ್ಲಿ ಒಂಟಿಯಾಗಿದ್ದಾಗ, ಪ್ರತಿ ವಾರ ಅವನಿಗೆ ಬಸ್ಸಿನಲ್ಲಿ ಪುಸ್ತಕ ಹೋಗುತ್ತಿತ್ತು. ಅವಿನಾಶಿ ಮಾರ್ಗದ ಕಂಡಕ್ಟರ್ ನವನೀತನ್ ಕೈಗೆ ಶಿವಲಿಂಗಂ ಅವರೇ ಪೊಟ್ಟಣ ಕೊಡುವರು. ತಿರುಪ್ಪೂರಿನ ಬಸ್ ನಿಲ್ದಾಣದಲ್ಲಿ ಭೂಪತಿ ಇಳಿಸಿಕೊಳ್ಳುವನು. ಊರುಗಳ ಹೆಸರನ್ನು ನವನೀತನ್ ಒಂದು ರಾಗದಲ್ಲಿ ಎಳೆದು, ಕೊನೆಯಲ್ಲಿ ಸೀನು ಬಂದವನಂತೆ ಕತ್ತರಿಸಿ ಕೂಗುತ್ತಾನೆ. ಆ ಕೂಗನ್ನು ಹತ್ತು ಕೂಗುಗಳ ನಡುವೆಯೂ ಗುರುತಿಸಬಹುದು.

ಭೂಪತಿಯ ವಿಷಯ ಇಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು. ಕೂಟದಲ್ಲಿ ಅವನಷ್ಟು ಓದಿದವರೂ ಇಲ್ಲ, ಓದದೆ ಓದಿದಂತೆ ಮಾತನಾಡಬಲ್ಲವರೂ ಇಲ್ಲ. ಅನುಕರಣೆ ಅವನ ಹುಟ್ಟುರೋಗ. ನವನೀತನ್ ಕೂಗು, ಹೋಟೆಲಿನವರ ಬೈಗುಳ, ಶಿವಲಿಂಗಂ ಅವರು ಗಂಟಲು ಸರಿಪಡಿಸಿಕೊಳ್ಳುವ ರೀತಿ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಎರಡು ವರ್ಷ ಮೈಸೂರಿನಲ್ಲಿ ಓದಿದ್ದರಿಂದ ಅಲ್ಲಿನ ಅಚ್ಚುಕಟ್ಟಾದ ಕನ್ನಡವನ್ನೂ, ಅದಕ್ಕಿಂತ ಮುಖ್ಯವಾಗಿ ಕನ್ನಡ ಲಿಪಿಯನ್ನೂ ಕಲಿತು ಬಂದಿದ್ದ. ಮನೆಯಲ್ಲಿ ಕನ್ನಡವಾಡುವ ಇಡೀ ಕೂಟದಲ್ಲಿ ಕನ್ನಡ ಅಕ್ಷರ ಬಲ್ಲವನು ಅವನೊಬ್ಬನೇ. ಉಳಿದವರೆಲ್ಲ, ಶಿವಲಿಂಗಂ ಅವರೂ ಸೇರಿ, ಶಾಲೆಯಲ್ಲಿ ಕಲಿತದ್ದು ತಮಿಳು. ಆಪತ್ತು ಹುಟ್ಟಿದ್ದು ಅಲ್ಲಿಂದ.

ಶಿವಲಿಂಗಂ ಅವರ ನಿವೃತ್ತಿಗೆ ಇನ್ನು ಆರು ಅಮಾವಾಸ್ಯೆಗಳಿದ್ದವು. ಆ ದಿನದ ಕೂಟದಲ್ಲಿ ಶಿಫಾರಸಿನ ಸರದಿ ಭೂಪತಿಯದು, ಅವನು ಏನನ್ನೂ ಓದಿರಲಿಲ್ಲ. ಬಸ್ಸು ಅನ್ನೂರು ದಾಟುವಾಗ ಕಥೆಯೊಂದನ್ನು ಹೊಸೆದ. ಕೂಟಕ್ಕೆ ಬಂದು, ಮೈಸೂರಿನಲ್ಲಿ ಓದಿದ ಕನ್ನಡ ಪುಸ್ತಕ, ಹೆಸರು ‘ಆ ಕಡೆಯ ಮಗ್ಗ’, ಅದರ ಪ್ರತಿಯನ್ನು ಒಯ್ದ ಗೆಳೆಯ ಈಗ ಎಲ್ಲಿದ್ದಾನೋ ತಿಳಿಯದು ಎಂದ. ಕನ್ನಡ ಪುಸ್ತಕವೆಂದರೆ ಪರೀಕ್ಷಿಸುವವರು ಯಾರು? ಚಹಾ ಬರುವ ಹೊತ್ತಿಗೆ ಗುಟ್ಟು ಬಿಚ್ಚಿ ಎಲ್ಲರ ಮುಖ ನೋಡಿ ನಗುವುದು ಅವನ ಲೆಕ್ಕಾಚಾರವಾಗಿತ್ತು.

ಕಥೆ ಹೀಗಿತ್ತು. ನೂರಾರು ವರ್ಷ ಪಯಣಿಸುವ ಆಕಾಶನೌಕೆಯೊಂದರಲ್ಲಿ ಒಬ್ಬಳೇ ನೇಕಾರ್ತಿ ಗೋಡೆಗೊರಗಿದ ಮಗ್ಗದಲ್ಲಿ ಸೀರೆ ನೇಯುತ್ತಾಳೆ. ಒಂದು ದಿನ ಅವಳು ಎಳೆದ ನೂಲನ್ನು ಗೋಡೆಯ ಆ ಕಡೆಯಿಂದ ಯಾರೋ ಎಳೆಯುತ್ತಾರೆ. ಅದೇ ಸೀರೆಯನ್ನು ಇನ್ನೊಂದು ತುದಿಯಿಂದ ಯಾರೋ ನೇಯುತ್ತಿದ್ದಾರೆ. ಮುಖ ಕಾಣದು, ದನಿ ಕೇಳದು. ನೂಲಿನ ಸೆಳೆತವೊಂದೇ ಮಾತು. ವರ್ಷಗಳು ಹೀಗೆ ಕಳೆದು, ಒಂದು ಬೆಳಗ್ಗೆ ಆ ಕಡೆಯ ಸೆಳೆತ ನಿಂತುಹೋಗುತ್ತದೆ.

ಅಲ್ಲಿಗೆ ಅರ್ಧವಾಯಿತೆಂದು ಭೂಪತಿ ಕೈ ಕೊಡವಿದ. ಊರ ಹುಡುಗರನ್ನೆಲ್ಲ ಮುದ್ದಿನಿಂದ ಕಣ್ಣು ಎಂದೇ ಕರೆಯುವ, ಕಟ್ಟಳೆ ಬಲ್ಲ ರಾಮಾಯಿ ಅಜ್ಜಿ ಮೊದಲ ಬಾರಿಗೆ ಕಟ್ಟಳೆ ಮುರಿದರು.

“ಆ ಕಡೆ ಕುಂತವಳು ಏನಕ್ಕೆ ನಿಲ್ಸುಬುಟ್ಟಳು, ಕಣ್ಣು? ಅದೊಂದ ಹೇಳು ಸಾಕು.”

ಭೂಪತಿ ನಕ್ಕು ಶಿವಲಿಂಗಂ ಅವರ ಮುಖ ನೋಡಿದ. ಅವರು ಗಂಟಲು ಸರಿಪಡಿಸಿಕೊಂಡು, ನಿವೃತ್ತಿಯಾಗುವುದರೊಳಗೆ ಆ ಪುಸ್ತಕ ತಂದು ಓದಿಹೇಳುವುದು ತಮ್ಮ ಹೊಣೆ ಎಂದು ಎಲ್ಲರೆದುರು ಅಜ್ಜಿಗೆ ಮಾತು ಕೊಟ್ಟರು. ಚಹಾದ ಲೋಟ ಕೈಗೆ ಬರುತ್ತಿದ್ದಂತೆ ಸರಣ್ಯಾ ಭೂಪತಿಯ ಕಿವಿಯಲ್ಲಿ ಹೇಳಿದ ಸಂಗತಿ ಅವನಿಗೆ ಹೊಸದು. ರಾಮಾಯಿ ಅಜ್ಜಿಯ ಮಗ್ಗಕ್ಕೆ ಎರಡು ಬದಿಗೂ ಜನ ಬೇಕಿತ್ತಂತೆ; ಈ ಬದಿಗೆ ಅಜ್ಜಿ, ಆ ಬದಿಯಿಂದ ಅಂಚಿನ ಲಾಳಿ ತೂರುವುದಕ್ಕೆ ತಂಗಿ ಕಣ್ಣಮ್ಮ. ಮೂವತ್ತು ವರ್ಷ ಹೀಗೆ ನೇಯ್ದು, ನಾಲ್ಕು ವರ್ಷದ ಹಿಂದೆ ಸೀರೆ ಅರ್ಧವಿದ್ದಾಗ ಕಣ್ಣಮ್ಮ ತೀರಿಕೊಂಡರು. ಆ ಅರ್ಧ ಸೀರೆಯನ್ನು ಮಗ್ಗದಿಂದ ಕತ್ತರಿಸಲು ಅಜ್ಜಿ ಇನ್ನೂ ಯಾರಿಗೂ ಬಿಟ್ಟಿಲ್ಲ.

ಚಹಾ ತಣ್ಣಗಾಯಿತು, ಗುಟ್ಟು ಗಂಟಲಲ್ಲೇ ಉಳಿಯಿತು.

ಮುಂದಿನ ಅಮಾವಾಸ್ಯೆಗೆ ಭೂಪತಿ ತಪ್ಪೊಪ್ಪಿಕೊಳ್ಳಲೆಂದೇ ಬೇಗ ಬಂದ. ಶಿವಲಿಂಗಂ ಅವರ ಮೇಜಿನ ಮೇಲೆ ಒಂದನೆಯ ತರಗತಿಯ ಕನ್ನಡ ಪುಸ್ತಕವಿತ್ತು. ಪಕ್ಕದಲ್ಲಿ ಸೀರೆಯ ಬುಟ್ಟಾ ಬಿಡಿಸುವ ಚೌಕುಳಿ ಕಾಗದ; ಚೌಕಕ್ಕೊಂದರಂತೆ ಅ ಆ ಇ ಈ. ಮೂವತ್ತಾರು ವರ್ಷದಲ್ಲಿ ತಮಗೆ ಓದಲು ಬಾರದು ಎಂದು ಯಾವ ಪುಸ್ತಕವನ್ನೂ ಪಕ್ಕಕ್ಕಿಟ್ಟವರಲ್ಲ ಅವರು. ಕೊನೆಗೆ ಪಕ್ಕಕ್ಕಿಡಬೇಕಾದದ್ದು ಮನೆಮಾತಿನ ಪುಸ್ತಕವೇ ಆದರೆ ಮುಖ ತೋರಿಸುವುದು ಹೇಗೆ ಎಂದು ತಗ್ಗಿದ ದನಿಯಲ್ಲಿ ಹೇಳಿಕೊಂಡರು. ತಾನೇ ಬಂದು ಓದಿಕೊಡುವೆನೆಂದು ಭೂಪತಿ ಗೋಗರೆದ. ತಿರುಪ್ಪೂರಿನಿಂದ ದಿನಾ ಹತ್ತು ಪುಟಕ್ಕಾಗಿ ಬರುವುದು ಸಾಧ್ಯವೇ ಎಂದು ಅವರು ಕೇಳಿದರು. ಬದಲಿಗೆ ಒಂದು ಉಪಕಾರ ಬೇಡಿದರು: ಭಾನುವಾರ ಬಂದು ತಮ್ಮ ಬರವಣಿಗೆ ತಿದ್ದಿಕೊಡಬೇಕು.

“ಈ ವಯಸ್ಸಲ್ಲಿ ಕೈ ತಿರುಗಲ್ಲ ತಂಬಿ. ನೀನು ಬೈದರೂ ಪರವಾಗಿಲ್ಲ.”

“ಸರಿಂಗಣ್ಣಾ,” ಎಂದು ತಲೆಯಾಡಿಸಿ ಒಪ್ಪಿಕೊಂಡ ಭೂಪತಿ.

ಹೀಗೆ, ಇಲ್ಲದ ಪುಸ್ತಕವೊಂದನ್ನು ಓದುವುದಕ್ಕಾಗಿ ಅಕ್ಷರ ಕಲಿಯುತ್ತಿದ್ದ ಅರವತ್ತರ ಹಿರಿಯರಿಗೆ, ಆ ಪುಸ್ತಕ ಇಲ್ಲವೆಂದು ಬಲ್ಲ ಏಕೈಕ ವ್ಯಕ್ತಿಯೇ ಗುರುವಾದ. ಎಂಥ ಮಾಯಾಕಥೆಯ ರಾಕ್ಷಸನಿಗೂ ಇಂಥ ಶಾಪ ತಗಲಿದ್ದನ್ನು ಕೂಟದವರು ಓದಿಲ್ಲ. ಪ್ರತಿ ಭಾನುವಾರವೂ ಇಂದು ಹೇಳಿಬಿಡಬೇಕೆಂದು ಬಸ್ಸು ಹತ್ತುವನು. ಪ್ರತಿ ಭಾನುವಾರವೂ ಅವರು ಒಂದು ಒತ್ತಕ್ಷರ ಸರಿಯಾಗಿ ಬರೆದು ತಲೆಯೆತ್ತಿ ನೋಡುವರು, ಮಾತು ಹೂತುಹೋಗುವುದು. ಹಿಂದಿರುಗುವಾಗ ರಾಮಾಯಿ ಅಜ್ಜಿಯ ಮನೆಯ ಮುಂದೆಯೇ ದಾರಿ. ಪುಸ್ತಕ ಬಂತಾ ಎಂದು ಅಜ್ಜಿ ಕೇಳುತ್ತಿರಲಿಲ್ಲ. ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ಅಷ್ಟೆ. ಕೇಳಿದ್ದರೆ ಸುಲಭವಾಗುತ್ತಿತ್ತು. ಕಥೆಯ ಮುಂದಿನರ್ಧವನ್ನು ತಾನೇ ಬರೆದು ಮುಗಿಸುವುದೆಂದು ಕೋಣೆಯಲ್ಲಿ ಕುಳಿತು ಹನ್ನೊಂದು ಬಾರಿ ಶುರುಮಾಡಿದ. ಆ ಕಡೆಯವಳು ಏಕೆ ನಿಲ್ಲಿಸಿದಳೆಂದು ಅವನಿಗೂ ಗೊತ್ತಿರಲಿಲ್ಲ.

ನಾಲ್ಕನೆಯ ಅಮಾವಾಸ್ಯೆಯ ಹೊತ್ತಿಗೆ ಸಂಕಟ ಇನ್ನೂ ಬಿಗಿಯಿತು. ಶಿವಲಿಂಗಂ ಅವರು ತಮ್ಮ ಬಾಳಿನ ಮೊದಲ ಕನ್ನಡ ಪತ್ರವನ್ನು ಸ್ವಹಸ್ತದಿಂದ ಬರೆದು, ಮೈಸೂರಿನ ದೊಡ್ಡ ಗ್ರಂಥಾಲಯವೊಂದಕ್ಕೆ ‘ಆ ಕಡೆಯ ಮಗ್ಗ’ದ ಪ್ರತಿಗಾಗಿ ಕಳುಹಿಸಿ, ಫೋನ್ ಸಂಖ್ಯೆಯನ್ನೂ ಕೊಟ್ಟಿದ್ದರು. ಅಂಥ ಪುಸ್ತಕವೇ ಇಲ್ಲವೆಂಬ ಉತ್ತರ ಅಲ್ಲಿಂದ ಬಂದರೆ, ಊರೆದುರು ಮಾತು ಕೊಟ್ಟ ಮನುಷ್ಯ ನಿವೃತ್ತಿಯ ಮುಂದೆ ನಗೆಪಾಟಲಾಗುವರು. ಅಜ್ಜಿಯ ಗತಿಯನ್ನು ಯೋಚಿಸುವ ಧೈರ್ಯವೂ ಭೂಪತಿಗಿರಲಿಲ್ಲ. ಹೆದರಿದವನ ಬುದ್ಧಿ ಹಳೆಯ ಚಾಳಿಯ ಕಡೆಗೇ ಓಡುತ್ತದೆ. ತಿರುಪ್ಪೂರಿನ ಬಸ್ ನಿಲ್ದಾಣದಲ್ಲಿ ಗೆಳೆಯನ ಫೋನ್ ಇಸಿದುಕೊಂಡು, ಕಂಬದ ಮರೆಗೆ ನಿಂತು, ಕೈಯಿಂದ ಬಾಯಿ ಮರೆಮಾಡಿಕೊಂಡು, ಮೈಸೂರಿನ ಹಿರಿಯ ಗ್ರಂಥಪಾಲಕರೊಬ್ಬರಾಗಿಬಿಟ್ಟ.

“ತಮ್ಮ ಪತ್ರ ತಲುಪಿದೆ. ಕ್ಷಮಿಸಬೇಕು, ನಮ್ಮಲ್ಲಿದ್ದ ಒಂದೇ ಪ್ರತಿಯ ಉತ್ತರಾರ್ಧವನ್ನು ಗೆದ್ದಲು ತಿಂದಿದೆ. ಪುನರ್ಮುದ್ರಣವೂ ಆಗಿಲ್ಲ.”

ಆ ಕಡೆ ಗಂಟಲು ಸರಿಪಡಿಸಿಕೊಂಡ ಸದ್ದಾಯಿತು. ಆಮೇಲೆ ಶಿವಲಿಂಗಂ ಅವರು ಬಹಳ ವಿನಯದಿಂದ ಕೇಳಿದರು: “ತಾವು ಓದಿದ್ದೀರಾ ಸಾರ್? ಆ ಕಡೆಯವಳು ಯಾಕೆ ನಿಲ್ಲಿಸಿದಳು?”

ಭೂಪತಿ ಫೋನ್ ಕತ್ತರಿಸಿದ.

ಅದಾದ ಮೇಲೆ ಶಿವಲಿಂಗಂ ಅವರು ಪುಸ್ತಕದ ಮಾತೆತ್ತಲಿಲ್ಲ. ಅಕ್ಷರಾಭ್ಯಾಸವನ್ನು ಮಾತ್ರ ಬಿಡಲಿಲ್ಲ. ಭಾನುವಾರಗಳಲ್ಲಿ ಮೊದಲಿಗಿಂತ ಹೆಚ್ಚು ಬರೆದರು, ಮೊದಲಿಗಿಂತ ಹೆಚ್ಚು ಪ್ರಶ್ನೆ ಕೇಳಿದರು. ಕೊನೆಯ ಕೂಟಕ್ಕೆ ಎರಡು ವಾರವಿರುವಾಗ, ಇನ್ನು ತಿದ್ದಿಸಿಕೊಳ್ಳುವುದೇನೂ ಇಲ್ಲ ತಂಬಿ ಎಂದು ಗುರುವಿಗೆ ರಜೆ ಕೊಟ್ಟರು. ಆ ಶಾಂತಿಯೇ ಭೂಪತಿಯನ್ನು ಹೆಚ್ಚು ಸುಟ್ಟಿತು.

ನಿವೃತ್ತಿಗೆ ಮೂರು ದಿನ ಮೊದಲು ಕೊನೆಯ ಅಮಾವಾಸ್ಯೆ. ಭೂಪತಿ ಅಂದು ಯಾರ ದನಿಯನ್ನೂ ತಂದಿರಲಿಲ್ಲ. ತನ್ನ ದನಿಯಲ್ಲೇ ಹೇಳಬೇಕಾದ ನಾಲ್ಕು ವಾಕ್ಯಗಳನ್ನು ಬಸ್ಸಿನುದ್ದಕ್ಕೂ ಉರುಹೊಡೆದಿದ್ದ. ಬಾಗಿಲಲ್ಲಿ ಕಾಲಿಟ್ಟಾಗ ಕೂಟ ತುಂಬಿತ್ತು, ರಾಮಾಯಿ ಅಜ್ಜಿ ಮುಂದಿನ ಸಾಲಿನಲ್ಲಿದ್ದರು. ಅವನು ಬಾಯಿ ತೆರೆಯುವ ಮುನ್ನ ಶಿವಲಿಂಗಂ ಅವರು ಎದ್ದು, ಕಂದು ಕಾಗದದ ಹೊದಿಕೆಯ ಒಂದು ಪುಸ್ತಕವನ್ನು ಎದೆಯೆತ್ತರಕ್ಕೆ ಹಿಡಿದರು.

“ಅಕ್ಕಾ, ಪುಸ್ತಕ ಸಿಕ್ತು.”

ಇಲ್ಲದ ಪುಸ್ತಕ ಸಿಕ್ಕಿತ್ತು. ಭೂಪತಿ ಬಾಗಿಲ ಬಳಿ ನೆಲದ ಮೇಲೆಯೇ ಕುಳಿತ. ಶಿವಲಿಂಗಂ ಅವರು ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಜೋಡಿಸಿ, ಮುಂದಿನರ್ಧವನ್ನು ಓದತೊಡಗಿದರು. ನೇಕಾರ್ತಿ ಸೆಳೆತ ನಿಂತ ನೂಲನ್ನು ಹಿಡಿದು ಕಾಯುತ್ತಾಳೆ, ಗೋಡೆ ಬಡಿಯುತ್ತಾಳೆ, ಆ ಕಡೆಯವಳನ್ನು ಬೈಯುತ್ತಾಳೆ, ಮಗ್ಗಕ್ಕೆ ಬೆನ್ನು ತಿರುಗಿಸಿ ನಾಲ್ಕು ವರ್ಷ ಕೂರುತ್ತಾಳೆ. ಕೊನೆಗೆ ಒಂದು ದಿನ ದೀಪ ಹಿಡಿದು ಬಟ್ಟೆಯ ಮೇಲೆ ಕೈಯಾಡಿಸುತ್ತ ಹೋಗುತ್ತಾಳೆ. ಗೋಡೆಯ ಬಳಿ ಒಂದು ಕಡೆ ಅವಳದಲ್ಲದ ಕೈಯ ನೇಯ್ಗೆ ಬೆರಳಿಗೆ ಸಿಗುತ್ತದೆ. ಎರಡು ತುದಿಗಳೂ ಯಾವಾಗಲೋ ಕೂಡಿಕೊಂಡಿವೆ. ನೂಲು ನಿಂತದ್ದು ಆ ಕಡೆಯವಳು ಬಿಟ್ಟುಹೋದಳೆಂದಲ್ಲ. ಸೀರೆ ಮುಗಿದಿತ್ತು, ಎಳೆಯುವುದಕ್ಕೆ ಏನೂ ಉಳಿದಿರಲಿಲ್ಲ.

ಪುಸ್ತಕ ಮುಚ್ಚಿತು. ಹೊರಗೆ ಸೈಕಲ್ಲೊಂದು ಹೋದ ಸದ್ದು ಕೇಳಿಸಿತು. ರಾಮಾಯಿ ಅಜ್ಜಿ ಅಂಗೈಗಳನ್ನು ತೊಡೆಯ ಮೇಲೆ ಹರಡಿ, ಅವುಗಳ ಮೇಲೆ ಏನೋ ಇದ್ದಂತೆ ಬಹಳ ಹೊತ್ತು ನೋಡಿದರು.

“ಹಂಗಾದರೆ ಇನ್ನ ಮಡಿಚಿ ಇಡಬೋದು,” ಎಂದರು.

ಆಗ ಶಿವಲಿಂಗಂ ಅವರು ಪುಸ್ತಕವನ್ನು ಭೂಪತಿಯ ಕೈಗಿತ್ತು, ಮೊದಲ ಪುಟವನ್ನು ಎಲ್ಲರಿಗೂ ಕೇಳಿಸುವಂತೆ ಓದಬೇಕೆಂದರು. ಒಳಗೆ ಅಚ್ಚಿನ ಹಾಳೆಗಳಿರಲಿಲ್ಲ. ಚೌಕುಳಿ ಕಾಗದ, ಚೌಕಕ್ಕೊಂದು ಅಕ್ಷರ. ಭೂಪತಿ ಓದಿದ: “ಆ ಕಡೆಯ ಮಗ್ಗ. ಮೊದಲ ಅರ್ಧ, ಭೂಪತಿ. ಉಳಿದ ಅರ್ಧ, ಶಿವಲಿಂಗಂ. ಮೈಸೂರಿನ ಪ್ರತಿಯನ್ನು ಗೆದ್ದಲು ತಿಂದ ಕಾರಣ...” ಅಲ್ಲಿಗೆ ನಿಲ್ಲಿಸಿ ಪುಸ್ತಕವನ್ನು ಅವರತ್ತ ಚಾಚಿದ. ಉಳಿದ ಸಾಲನ್ನು ಶಿವಲಿಂಗಂ ಅವರೇ ಓದಿ ಮುಗಿಸಿದರು: “...ಈ ಪ್ರತಿಯನ್ನು ನವನೀತನ್ ಬಸ್ಸಿನಲ್ಲಿ ತರಿಸಲಾಗಿದೆ.”

ಮೈಸೂರಿನಿಂದ ಬಂದ ಆ ಕರೆಯ ಹಿಂದೆ, ಅವಿನಾಶಿ, ಅನ್ನೂರು, ಮೇಟ್ಟುಪಾಳಯಂ ಎಂದು ಎಳೆದು ಸೀನಿನಂತೆ ಕತ್ತರಿಸುವ ಕೂಗು ಕೇಳಿಸಿತ್ತು. ಎಷ್ಟೋ ವರ್ಷ ಅದೇ ಕೈಗೆ ಪುಸ್ತಕದ ಪೊಟ್ಟಣ ಕೊಟ್ಟವರಿಗೆ ಆ ಕೂಗು ಗೊತ್ತಿಲ್ಲದಿದ್ದೀತೇ?

ಭೂಪತಿ ಎದ್ದು ನಿಂತು ನಾಲ್ಕು ವಾಕ್ಯಗಳಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ಅಜ್ಜಿಯ ಕಾಲಿಗೆ ಬೀಳಲು ಬಾಗಿದ. ಅಜ್ಜಿ ಅವನ ಕಿವಿ ಹಿಡಿದು ಮೇಲೆತ್ತಿದರು. “ಸುಳ್ಳು ಹೇಳಿದ್ದು ಇವನು, ಅಕ್ಷರ ಕಲಿತದ್ದು ಅವನು, ಕಥೆ ಮುಗಿಯೋ ಮುಡಿವು ಸಿಕ್ಕಿದ್ದು ನಂಗೆ. ಪೋ ಕಣ್ಣು,” ಎಂದರು. ಗುಟ್ಟು ತಿಳಿದ ಮೇಲೂ ಏಕೆ ಅಕ್ಷರ ಕಲಿಯುವುದನ್ನು ನಿಲ್ಲಿಸಲಿಲ್ಲವೆಂದು ಸರಣ್ಯಾ ಶಿವಲಿಂಗಂ ಅವರನ್ನು ಕೇಳಿದಳು. ಅರ್ಧಕ್ಕೆ ನಿಲ್ಲಿಸುವುದು ಕೂಟದ ಕಟ್ಟಳೆ, ತಮ್ಮದಲ್ಲ ಎಂದರು ಅವರು.

ಅದೇ ವಾರ ಅಜ್ಜಿ ಮಗ್ಗದಿಂದ ಕತ್ತರಿಸಿ ತೆಗೆಸಿದ ಅರ್ಧ ಸೀರೆ ಬೀಳ್ಕೊಡುಗೆಯ ದಿನ ಶಿವಲಿಂಗಂ ಅವರ ಹೆಗಲಿಗೆ ಶಾಲಾಗಿ ಬಿತ್ತು. ಈಗ ಪ್ರತಿ ಭಾನುವಾರ ಅವರು ಕೂಟದ ಏಳು ಮಂದಿಗೆ ಚೌಕುಳಿ ಕಾಗದದ ಮೇಲೆ ಕನ್ನಡ ಕಲಿಸುತ್ತಿದ್ದಾರೆ. ಆದರೂ ಅಭಿನಂದನೆಯ ಮಾತು ಬೀಳ್ಕೊಡುಗೆಯ ದಿನಕ್ಕಿಂತ ಆ ಅಮಾವಾಸ್ಯೆಯ ಮಧ್ಯಾಹ್ನಕ್ಕೇ ಸಲ್ಲುತ್ತದೆ. ಏಕೆಂದರೆ ಅವರಿಗೆ ಹಾರೈಕೆ ಸಂದದ್ದು ಅಂದೇ.

ತಪ್ಪೊಪ್ಪಿಗೆ ಮುಗಿದು ಚಹಾ ಬಂದಿತ್ತು. ಆ ಮೈಸೂರಿನ ಸಾರ್ ಇನ್ನೊಂದು ಸಲ ಮಾತನಾಡಿದರೆ ಚೆನ್ನಾಗಿರುತ್ತದೆ ಎಂದು ಶಿವಲಿಂಗಂ ಅವರು ನೆಲ ನೋಡುತ್ತ ಹೇಳಿದರು. ಭೂಪತಿ ಕಣ್ಣೊರೆಸಿಕೊಂಡು, ಕೈಯಿಂದ ಬಾಯಿ ಮರೆಮಾಡಿಕೊಂಡು, ಕಂಬವಿಲ್ಲದ್ದರಿಂದ ಕಪಾಟಿನ ಮರೆಗೆ ಸರಿದ. “ಮಾನ್ಯರೇ, ತಮ್ಮ ಆಯುಷ್ಯದ ಪ್ರತಿಯನ್ನು ಪರಿಶೀಲಿಸಿದ್ದೇವೆ. ಅರವತ್ತಕ್ಕೆ ಸರಿಯಾಗಿ ಅರ್ಧವಾಗಿದೆ. ಉಳಿದ ಅರವತ್ತನ್ನು ಗೆದ್ದಲು ಮುಟ್ಟದಿರಲಿ, ದಿನಕ್ಕೆ ಹತ್ತು ಪುಟದಂತೆ ಓದು ಸಾಗಲಿ, ಮುಕ್ತಾಯವನ್ನು ಯಾರೂ ಹೇಳದಿರಲಿ,” ಎಂದು ಹಾರೈಸಿ, ಅದೇ ಉಸಿರಿನಲ್ಲಿ ನವನೀತನ್ ಆಗಿ ಊರುಗಳ ಹೆಸರು ಎಳೆದು ಕತ್ತರಿಸಿದ. ಕೂಟ ನಕ್ಕಿತು, ಸರಣ್ಯಾ ನಕ್ಕಳು, ರಾಮಾಯಿ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮೌನ ಪಾಲಿಸಿ ಎಂದು ತಮಿಳಿನಲ್ಲಿ ಬರೆದ ಫಲಕದ ಕೆಳಗೆ ಮೂವತ್ತಾರು ವರ್ಷ ಗಂಟಲು ಸರಿಪಡಿಸಿಕೊಂಡದ್ದಲ್ಲದೆ ಒಮ್ಮೆಯೂ ಗಟ್ಟಿಯಾಗಿ ನಗದಿದ್ದ ಶ್ರೀ ಶಿವಲಿಂಗಂ ಅವರು ಒಮ್ಮೆ ಗಂಟಲು ಸರಿಪಡಿಸಿಕೊಂಡರು, ಇನ್ನೊಮ್ಮೆ ಸರಿಪಡಿಸಿಕೊಂಡರು, ಸರಿಹೋಗಲಿಲ್ಲ. ಆಮೇಲೆ ಅವರು ನಕ್ಕ ನಗುವಿಗೆ ಪತ್ರಿಕೆ ಓದುತ್ತಿದ್ದವರೆಲ್ಲ ಎದ್ದು ಬಂದು ನೋಡಿದರು.